ಉಪ್ಪರಿಗೆಗೆ ಉಪ್ಪು

ವಾರದೊಳಗೆ ಮೇಲ್ಮನೆಯ ತುತ್ತೂರಿಯ ಸದ್ದಡಗಿಸುತ್ತೇನೆ, ಅದೂ ಒಂದೇ ಒಂದು ಮಾತು ಆಡದೆ, ಎಂದು ನಾನು ಘೋಷಿಸಿದಾಗ ನನ್ನ ಹೆಂಡತಿ ಮಂಚದ ಕೆಳಗೆ ಬಗ್ಗಿ ಕಾಲುಚೀಲದ ಜೋಡಿಯನ್ನು ಹುಡುಕುತ್ತಿದ್ದಳು. ನನ್ನ ಐತಿಹಾಸಿಕ ಘೋಷಣೆಗಳಿಗೆ ನಮ್ಮ ಮನೆಯಲ್ಲಿ ಸಿಗುವ ಸಭೆ ಇಷ್ಟೇ: ಒಂದು ಬೆನ್ನು.

“ಮಾತಾಡದೆ ಹೇಗೆ ಅಡಗಿಸ್ತೀರಿ?” ಎಂದಿತು ಬೆನ್ನು.

“ಅದಕ್ಕೆ ತಲೆ ಬೇಕು.”

“ಮೇಲೆ ಹೋಗಿ ‘ಸ್ವಲ್ಪ ಮೆಲ್ಲಗೆ’ ಅಂತ ಹೇಳೋಕೆ ಎರಡು ಕಾಲು ಸಾಕು. ಅವು ನಿಮಗಿವೆ.”

ಇವೆ, ನಿಜ. ಆದರೆ ಅವು ಆ ಮೆಟ್ಟಿಲು ಹತ್ತಲು ಒಪ್ಪುತ್ತಿರಲಿಲ್ಲ.

ನಾನು ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ನಮ್ಮ ಮೇಲ್ಮನೆಯಲ್ಲಿರುವವರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು, ಒಂಟಿ ಜೀವ. ಜೀವಮಾನವಿಡೀ ಅವರು ಸೀಟಿ ಊದಿದಾಗಲೆಲ್ಲ ಇಡೀ ರೈಲು ಹೊರಡುತ್ತಿತ್ತು. ನಿವೃತ್ತರಾದ ಮೇಲೆ ಊದಿದರೆ ಹೊರಡುವಂಥದ್ದು ಏನೂ ಉಳಿಯಲಿಲ್ಲ. ಆ ಕೊರಗಿಗೆ ಒಂದು ತುತ್ತೂರಿ ಕೊಂಡರು. ನಸುಕಿನಲ್ಲೊಮ್ಮೆ, ಸಂಜೆಗೊಮ್ಮೆ ಊದುತ್ತಿದ್ದರು. ಅವರಿಗೆ ಬರುತ್ತಿದ್ದುದು ಒಂದೇ ಧಾಟಿ, ಅದೂ ಅರ್ಧ. ಶುರುವೇನೋ ಚೆನ್ನಾಗಿಯೇ ಆಗುತ್ತಿತ್ತು. ಒಂದು ಎತ್ತರದ ಸ್ವರದ ಹತ್ತಿರ ಬಂದ ಕೂಡಲೇ ಗಾಡಿ ಹಳಿ ತಪ್ಪುತ್ತಿತ್ತು. ತಪ್ಪಿದಲ್ಲಿಂದ ಮುಂದುವರಿಸುವವರಲ್ಲ ಅವರು, ಮೊದಲ ಸ್ಟೇಷನ್ನಿನಿಂದ ಮತ್ತೆ ಹೊರಡಿಸುತ್ತಿದ್ದರು. ಹಾಸಿಗೆಯಲ್ಲಿ ಮಲಗಿದ ನಾನು ಆ ಸ್ವರ ಹತ್ತಿರ ಬಂದಂತೆಲ್ಲ ಹಲ್ಲು ಕಚ್ಚಿ, ಮುಷ್ಟಿ ಬಿಗಿದು, ಅಪಘಾತಕ್ಕೆ ಕಾಯುತ್ತಿದ್ದೆ.

ಇಷ್ಟಾದರೂ ಅವರು ಮೆಟ್ಟಿಲ ಬಳಿ ಸಿಕ್ಕಾಗ ನಾನು ಆಡುತ್ತಿದ್ದ ಮಾತು ಕೇಳಬೇಕು.

“ಮೇಷ್ಟ್ರೇ, ನನ್ನಿಂದ ತೊಂದರೆ ಆಗ್ತಿಲ್ಲ ತಾನೇ?” ಎಂದು ಒಮ್ಮೆ ಅವರಾಗಿಯೇ ಕೇಳಿದರು.

“ಛೆ ಛೆ, ಎಂಥ ಮಾತು ಸಾಹೇಬರೇ. ಇವತ್ತು ಬೇಗ ನಿಲ್ಲಿಸಿಬಿಟ್ರಲ್ಲ ಅಂತ ಬೇಜಾರಾಯ್ತು.”

ಮಾರನೆಯ ದಿನದಿಂದ ಅವರು ನನ್ನ ಬೇಜಾರು ಕಳೆಯಲೆಂದೇ ಅರ್ಧ ಗಂಟೆ ಹೆಚ್ಚು ಊದತೊಡಗಿದರು.

ನನ್ನ ಕೆಂಪು ಕಣ್ಣು ನೋಡಿ ಸ್ಟಾಫ್ ರೂಮಿನಲ್ಲಿ ಕನಿಕರ ತೋರಿಸಿದವರು ಡ್ರಾಯಿಂಗ್ ಮೇಷ್ಟ್ರು. ನನ್ನ ಕಥೆಯನ್ನೆಲ್ಲ ಕೇಳಿ, ಬ್ರಷ್ಷನ್ನು ನೀರಿನಲ್ಲದ್ದಿ, ನಿಧಾನವಾಗಿ ಹೇಳಿದರು: “ಉಪ್ಪು.”

“ಉಪ್ಪಿಂದ ಏನು?”

“ಬೇಡದೋರು ಬಾಗಿಲು ದಾಟಿ ಹೋಗುವಾಗ ಹಿಂದಿನಿಂದ ಬೆನ್ನಿಗೆ ಒಂದು ಚಿಟಿಕೆ ಉಪ್ಪು ಎಸೀಬೇಕು. ಅವರು ಮತ್ತೆ ಈ ಕಡೆ ತಲೆ ಹಾಕಲ್ಲ. ನಮ್ಮ ಅಜ್ಜಿ ಹೀಗೇ ಮೂರು ಜನ ನೆಂಟರನ್ನ ಕಳಿಸಿದ್ಲು.”

ನಾನು ನಕ್ಕೆ. ಪ್ರತಿ ವರ್ಷ ಮೂಢನಂಬಿಕೆಯ ವಿರುದ್ಧ ಶಾಲೆಯಲ್ಲಿ ಭಾಷಣ ಮಾಡುವವನೇ ನಾನು. ನಿಂಬೆಹಣ್ಣನ್ನು ಕತ್ತರಿಸಿ, ಅದರೊಳಗೆ ಸಿಟ್ರಿಕ್ ಆಮ್ಲದ ಹೊರತು ಏನೂ ಇಲ್ಲವೆಂದು ಮಕ್ಕಳಿಗೆ ತೋರಿಸುವವನು. ಉಪ್ಪೆಂದರೆ ಸೋಡಿಯಂ ಕ್ಲೋರೈಡ್, ಅದಕ್ಕೆ ಯಾರ ಗುರುತೂ ಇಲ್ಲ, ಯಾರ ಮೇಲೂ ಹಗೆಯಿಲ್ಲ ಎಂದು ಡ್ರಾಯಿಂಗ್ ಮೇಷ್ಟ್ರಿಗೆ ಸುದೀರ್ಘವಾಗಿ ತಿಳಿಹೇಳಿದೆ. ಅವರು ತಲೆಯಾಡಿಸುತ್ತ ಒಂದು ಬಾತುಕೋಳಿಗೆ ಬಣ್ಣ ತುಂಬಿದರು.

ಮಾರನೆಯ ನಸುಕಿನಲ್ಲಿ ಗಾಡಿ ಸತತವಾಗಿ ಹಳಿ ತಪ್ಪಿತು. ನಾನೆದ್ದು ಅಡುಗೆಮನೆಗೆ ಹೋಗಿ ಒಂದು ಚಿಟಿಕೆ ಉಪ್ಪನ್ನು ಕಾಗದದಲ್ಲಿ ಮಡಚಿ ಜೇಬಿಗಿಳಿಸಿದೆ. ಇದು ನಂಬಿಕೆಯಲ್ಲ, ಪ್ರಯೋಗ, ಎಂದು ನನಗೆ ನಾನೇ ಸ್ಪಷ್ಟಪಡಿಸಿಕೊಂಡೆ. ಪ್ರಯೋಗ ಮಾಡದೆ ಯಾವುದನ್ನೂ ತಳ್ಳಿಹಾಕಬಾರದೆಂದು ಎಂಟನೇ ತರಗತಿಯ ಮೊದಲ ಪಾಠವೇ ಹೇಳುತ್ತದೆ.

ಗಾರ್ಡ್ ಸಾಹೇಬರು ಕೈಚೀಲ ಹಿಡಿದು ಪೇಟೆಗೆ ಹೊರಟರು. ನಾನು ಬೆಕ್ಕಿನ ಹೆಜ್ಜೆಯಲ್ಲಿ ಹಿಂಬಾಲಿಸಿ, ಗೇಟು ದಾಟುವ ಮುಹೂರ್ತಕ್ಕೆ ಸರಿಯಾಗಿ ಅವರ ಬೆನ್ನಿಗೆ ಉಪ್ಪೆಸೆದೆ. ಅವರು ನಿಂತರು. ಕಾಲರ್ ಒರೆಸಿಕೊಂಡರು. ತಿರುಗಿ ನನ್ನ ತಲೆಯನ್ನೇ ನೋಡಿದರು.

“ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ನಿಮಗೆ ತಲೆಹೊಟ್ಟು ವಿಪರೀತ ಆಗಿದೆ. ಪಕ್ಕದಲ್ಲಿರೋರ ಮೇಲೂ ಉದುರ್ತಿದೆ.”

ಸಂಜೆ ಬರುವಾಗ ನನಗಾಗಿ ಒಂದು ಸೀಸೆ ಎಣ್ಣೆ ತಂದುಕೊಟ್ಟರು. ಮತ್ತೆ ಈ ಕಡೆ ತಲೆ ಹಾಕುವುದಿಲ್ಲ ಎಂಬುದಕ್ಕೆ ಬದಲು, ನನ್ನ ತಲೆಗೇ ಗಂಟು ಬಿದ್ದರು. ಎಣ್ಣೆ ಹೇಗೆ ಕೆಲಸ ಮಾಡುತ್ತಿದೆ ಎಂದು ವಿಚಾರಿಸಲು ದಿನಾ ಬರತೊಡಗಿದರು.

“ಚಿಟಿಕೆ ಸಾಲಲ್ಲ,” ಎಂದರು ಡ್ರಾಯಿಂಗ್ ಮೇಷ್ಟ್ರು. “ಕೆಲವು ಜನ ಗಟ್ಟಿ. ಅಂಥೋರು ದಿನಾ ಓಡಾಡೋ ನೆಲಕ್ಕೇ ಉಪ್ಪು ಮುಟ್ಟಿಸಬೇಕು.”

“ಅವರ ಮನೆಯೊಳಗೆ ಹೋಗಿ ಉಪ್ಪು ಚೆಲ್ಲೋಕೆ ಆಗುತ್ತಾ?”

“ಹೋಗೋದು ಯಾಕೆ? ಅವರ ನೆಲ ಅಂದ್ರೆ ನಿಮ್ಮ ಸೀಲಿಂಗ್ ತಾನೇ?”

ವಿಜ್ಞಾನದಲ್ಲಿ ಮಹಾ ಆವಿಷ್ಕಾರಗಳೆಲ್ಲ ಹೀಗೆಯೇ, ಇನ್ನೊಬ್ಬರ ಒಂದು ಮಾತಿನಿಂದ ಹೊಳೆಯುತ್ತವೆ. ಉಪ್ಪರಿಗೆಯವರಿಗೆ ಉಪ್ಪು ಅರಿಯದಂತೆ ಉಣಿಸುವುದು. ಪದದಲ್ಲೇ ಪರಿಹಾರ ಅಡಗಿತ್ತು.

ಬರೀ ಉಪ್ಪನ್ನು ಮೇಲಕ್ಕೆಸೆದರೆ ಅದು ಕಣ್ಣಿಗೇ ಬೀಳುವುದರಿಂದ ನೀರಿನಲ್ಲಿ ಕರಗಿಸಿದೆ. ಇನ್ನು ಕರಗುವುದೇ ಇಲ್ಲ ಎನ್ನುವವರೆಗೆ ಹಾಕಿದೆ. ಇದಕ್ಕೆ ಸಂತೃಪ್ತ ದ್ರಾವಣ ಎನ್ನುತ್ತಾರೆ. ದ್ರಾವಣವೂ ಸಂತೃಪ್ತವಾಯಿತು, ನಾನೂ ಸಂತೃಪ್ತನಾದೆ. ಇಸ್ತ್ರಿ ಮಾಡುವಾಗ ಬಟ್ಟೆಗೆ ನೀರು ಚಿಮುಕಿಸುವ ಬಾಟಲಿಗೆ ಅದನ್ನು ತುಂಬಿಕೊಂಡೆ. ಹೆಂಡತಿ ಅಂಚೆ ಕಚೇರಿಯ ಕೌಂಟರಿನಿಂದ ಮರಳುವುದು ನನಗಿಂತ ತಡ. ಗಾರ್ಡ್ ಸಾಹೇಬರು ಆ ಹೊತ್ತಿಗೆ ವಾಕಿಂಗ್ ಹೋಗುತ್ತಾರೆ. ಇಡೀ ಮನೆ ನನ್ನ ಪ್ರಯೋಗಾಲಯ. ಸ್ಟೂಲು ಹತ್ತಿ, ಡ್ರಾಯಿಂಗ್ ಮೇಷ್ಟ್ರು ಹೇಳಿದಂತೆ ಎಡದಿಂದ ಸುತ್ತುತ್ತ ಚಾವಣಿಗೆ ಚಿಮುಕಿಸಿದೆ. ‘ಹೋಗು, ಹೋಗು’ ಎಂದು ಹೇಳಿಕೊಳ್ಳಬೇಕಂತೆ. ಅದು ನನ್ನ ವೃತ್ತಿಗೆ ಅವಮಾನ. ಹಾಗಾಗಿ ಬರೀ ‘ಎನ್‌ಎ ಸಿಎಲ್, ಎನ್‌ಎ ಸಿಎಲ್’ ಎಂದು ಜಪಿಸಿದೆ.

ಮಾರನೆಯ ನಸುಕು ನಿಶ್ಶಬ್ದ. ಅದರ ಮಾರನೆಯದೂ. ನಾನು ಹಾಸಿಗೆಯಲ್ಲೇ ಎದ್ದು ಕೂತೆ. ಮೈ ಜುಮ್ಮೆಂದಿತು. ಹರಳಿನ ರಚನೆಯೇ ಹಾಗೆ, ಅದು ಶಬ್ದದ ತರಂಗಗಳನ್ನು ಹೀರುತ್ತದೆ, ಇದರಲ್ಲಿ ಮಾಟವೇನಿದೆ, ಪೂರ್ತಿ ಭೌತಶಾಸ್ತ್ರ, ಎಂದು ಸ್ಟಾಫ್ ರೂಮಿನಲ್ಲಿ ವ್ಯಾಖ್ಯಾನವನ್ನೇ ಕೊಟ್ಟೆ. ಆ ದಿನ ಸಂಜೆ ಖುಷಿಗೆ ಇನ್ನೊಂದು ಸುತ್ತು ದಪ್ಪಗೆ ಚಿಮುಕಿಸಿದೆ.

ಮೂರನೆಯ ದಿನ ಗಾರ್ಡ್ ಸಾಹೇಬರು ತಂಗಿಯ ಮಗನ ಮದುವೆ ಮುಗಿಸಿ ವಾಪಸಾದರು. ಅಲ್ಲಿ ಯಾರೋ ತುತ್ತೂರಿಯ ಊದುವ ತುದಿಗೆ ಸಿಕ್ಕಿಸುವ ಹೊಸ ಹಿತ್ತಾಳೆ ತುಂಡೊಂದನ್ನು ಉಡುಗೊರೆ ಕೊಟ್ಟಿದ್ದರು. ಸದ್ದು ಮೊದಲಿಗಿಂತ ದುಂಡಗೆ ಬರುತ್ತಿತ್ತು.

ಸೋತವನು ಪ್ರಮಾಣ ಹೆಚ್ಚಿಸುತ್ತಾನೆ. ನಾನೂ ಹೆಚ್ಚಿಸಿದೆ. ಒಂದು ಭಾನುವಾರ ಹೆಂಡತಿ ಕುರ್ಚಿಗೊರಗಿ ಮೇಲೆ ನೋಡಿದಳು.

“ರೀ, ಸೀಲಿಂಗಿಗೆ ಏನಾಗಿದೆ?”

ಚಾವಣಿಗೆ ಮೀಸೆ ಬಂದಿತ್ತು. ಬೆಳ್ಳಗೆ, ನವಿರಾಗಿ, ಅಲ್ಲಲ್ಲಿ ಗಡ್ಡವೂ ಚಿಗುರಿತ್ತು. ಅದರ ನಡುವೆ ಬಣ್ಣ ಹಪ್ಪಳದಂತೆ ಎದ್ದು ನಿಂತಿತ್ತು. ನೀರು ಆರಿದಾಗ ಉಪ್ಪು ಹರಳಾಗಿ ಹೊರಬರುತ್ತದೆ ಎಂದು ಬೀಕರಿನಲ್ಲಿ ದಾರ ಇಳಿಬಿಟ್ಟು ಪ್ರತಿ ವರ್ಷ ತೋರಿಸುವ ನಾನು, ನನ್ನ ಮನೆಯಲ್ಲೇ ಆಗುತ್ತಿದ್ದುದನ್ನು ಅಲ್ಲಿಯವರೆಗೆ ಗಮನಿಸಿರಲಿಲ್ಲ.

“ಬೂಷ್ಟು ಕಣೇ. ಗಾಳಿ ಸಾಲ್ತಿಲ್ಲ.”

“ಬೂಷ್ಟು ಬೆಳ್ಳಗೆ ಮಿಂಚುತ್ತಾ? ಮೇಲಿಂದ ನೀರು ಸೋರ್ತಿದೆ.” ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಅವಳು ಮನೆ ಓನರಮ್ಮನಿಗೆ ಫೋನ್ ಮಾಡಿಯಾಗಿತ್ತು.

ಓನರಮ್ಮ ಎದುರು ಮನೆಯಲ್ಲೇ ಇರುವವರು. ಈ ಕಟ್ಟಡವೆಂದರೆ ಅವರಿಗೆ ಹೆತ್ತ ಮಗಳಂತೆ, ನಾವೆಲ್ಲ ಆ ಮಗಳಿಗೆ ಸಿಕ್ಕ ಅಯೋಗ್ಯ ಅಳಿಯಂದಿರಂತೆ. ಅವರ ಹಿಂದೆಯೇ ಒಬ್ಬ ಗಾರೆ ಮೇಸ್ತ್ರಿ ಬಂದ. ಸ್ಕ್ರೂಡ್ರೈವರಿನ ಹಿಡಿಯಿಂದ ಚಾವಣಿಗೆ ಬಡಿದ. ಗಾರೆಯ ಒಂದು ಹಕ್ಕಳೆ ನನ್ನ ಮೂಗಿನ ಮೇಲೆ ಬಿತ್ತು.

“ಮೇಲಿನ ಬಾತ್‌ರೂಮಿನ ಪೈಪು,” ಎಂದು ತೀರ್ಪು ಕೊಟ್ಟ. “ನೆಲ ಪೂರ್ತಿ ಅಗೀಬೇಕು.”

“ಬೇರೆ ಕಾರಣನೂ ಇರಬಹುದಲ್ಲ?” ಎಂದೆ, ಕ್ಷೀಣವಾಗಿ.

“ಸಾರ್‌ಗೆ ಯಾವ ಕೆಲಸ?”

“ಕೆಮಿಸ್ಟ್ರಿ ಮೇಷ್ಟ್ರು.”

“ಅದಕ್ಕೇ,” ಎಂದ ಮೇಸ್ತ್ರಿ. ಅದರಾಚೆಗೆ ನನ್ನ ಅಭಿಪ್ರಾಯಕ್ಕೆ ಬೆಲೆಯಿರಲಿಲ್ಲ.

ನಿಜ ಹೇಳಲು ಅದೇ ಒಳ್ಳೆಯ ಸಮಯ. ಆದರೆ ಓನರಮ್ಮನ ಮುಂದೆ, ಮೇಸ್ತ್ರಿಯ ಮುಂದೆ, ಮೂಗಿನ ಮೇಲೆ ಗಾರೆ ಇಟ್ಟುಕೊಂಡು, ‘ಅದು ನಾನು ಮಾಡಿದ ಮಾಟ’ ಎಂದು ಯಾವ ಮೇಷ್ಟ್ರು ಹೇಳಿಯಾನು? ಸುಮ್ಮನಿದ್ದೆ. ಮೇಲೆ ಸುತ್ತಿಗೆಯ ಸದ್ದು ಶುರುವಾಯಿತು. ಗಾರ್ಡ್ ಸಾಹೇಬರ ಬಾತ್‌ರೂಮಿನ ಟೈಲ್ಸ್ ಎಲ್ಲ ಎದ್ದವು. ಅಲ್ಲಿ ಪೈಪು ಹೊಸದರಂತೆ ಒಣಗಿ ಕೂತಿತ್ತು.

“ಇನ್ನೂ ಒಳಗಿರುತ್ತೆ,” ಎಂದ ಮೇಸ್ತ್ರಿ, ಅಗೆಯುತ್ತ.

ಅಲ್ಲಿಯವರೆಗೆ ಗಾರ್ಡ್ ಸಾಹೇಬರು ಸ್ನಾನಕ್ಕೆ ಎಲ್ಲಿ ಹೋಗಬೇಕು? “ದೂರು ಕೊಟ್ಟೋರ ಮನೇಲೇ ಮಾಡ್ಲಿ,” ಎಂದರು ಓನರಮ್ಮ. ನನ್ನ ಹೆಂಡತಿ ಸಂತೋಷದಿಂದ ಒಪ್ಪಿದಳು. ಮಾರನೆಯ ನಸುಕಿನಲ್ಲೇ ಬಾಗಿಲು ತಟ್ಟಿದ ಸದ್ದು. ಹೆಗಲ ಮೇಲೆ ಟವೆಲು, ಒಂದು ಕೈಯಲ್ಲಿ ಸೋಪಿನ ಡಬ್ಬಿ, ಇನ್ನೊಂದರಲ್ಲಿ ತುತ್ತೂರಿ.

“ಅದೂ ಯಾಕೆ ಸಾಹೇಬರೇ?” ಎಂದೆ.

“ಮೇಲೆಲ್ಲ ಧೂಳು ಮೇಷ್ಟ್ರೇ, ಇದರೊಳಗೆ ಹೋದ್ರೆ ಕೆಟ್ಟುಹೋಗುತ್ತೆ. ಜೋಪಾನವಾಗಿ ನನ್ನ ಜತೇನೇ ಇಟ್ಕೊಂಡಿದ್ದೀನಿ.”

ಸ್ನಾನ ಮುಗಿಸಿದವರು ಹೊರಗೆ ಬರಲಿಲ್ಲ. ಬಾತ್‌ರೂಮಿನೊಳಗಿಂದ ಧಾಟಿ ಶುರುವಾಯಿತು. ಬಕೆಟ್ಟು ನಡುಗಿತು. ಚೊಂಬು ಹಿಮ್ಮೇಳ ಹಾಡಿತು. ಎತ್ತರದ ಸ್ವರದಲ್ಲಿ ಗಾಡಿ ನನ್ನ ಮಂಚದ ಪಕ್ಕದಲ್ಲೇ ಹಳಿ ತಪ್ಪಿತು. ಆಮೇಲೆ ಮುಖವರಳಿಸಿಕೊಂಡು ಹೊರಬಂದರು.

“ಏನು ಪ್ರತಿಧ್ವನಿ ಮೇಷ್ಟ್ರೇ ನಿಮ್ಮ ಬಾತ್‌ರೂಮಲ್ಲಿ. ಮೇಲೆ ಇಷ್ಟು ಚೆನ್ನಾಗಿ ಬರ್ತಿರಲಿಲ್ಲ.”

“ಕೂತ್ಕೊಳ್ಳಿ ದೊಡ್ಡಪ್ಪ, ಕಾಫಿ ತರ್ತೀನಿ,” ಎಂದಳು ನನ್ನ ಹೆಂಡತಿ.

ದೊಡ್ಡಪ್ಪ. ಓಡಿಸಬೇಕೆಂದುಕೊಂಡವರು ಒಂದೇ ಲೋಟ ಕಾಫಿಯಲ್ಲಿ ನನಗೆ ಮಾವನ ಸ್ಥಾನಕ್ಕೆ ಬಂದಿದ್ದರು. ಅಂದು ಮಧ್ಯಾಹ್ನ ನಾನು ಶಾಲೆಯಿಂದ ಬಂದವನೇ ಬಾಟಲಿ ತುಂಬಿಸಿ ಬಾತ್‌ರೂಮಿನ ಗೋಡೆಗೂ ಅಡುಗೆಮನೆಯ ಗೋಡೆಗೂ ಚಿಮುಕಿಸಿದೆ. ನಂಬಿಕೆ ಉಳಿದಿತ್ತೆಂದಲ್ಲ. ಅಷ್ಟು ಹೊತ್ತಿಗೆ ಅದು ಚಟವಾಗಿತ್ತು.

ಪರಿಣಾಮ ಊಹಿಸಬಹುದು. ಗೋಡೆಗಳಿಗೂ ಮೀಸೆ ಬಂತು. ಮೇಸ್ತ್ರಿ ಮೇಲಿನ ಅಡುಗೆಮನೆಯನ್ನೂ ಅಗೆದ. ಎಲ್ಲಿಯೂ ಒಂದು ಹನಿ ಸಿಗದಿದ್ದಾಗ ಅವನು ಗಾಬರಿಯಾದ, ಅವನು ಗಾಬರಿಯಾದದ್ದು ನೋಡಿ ಓನರಮ್ಮ ಗಾಬರಿಯಾದರು, ಒಬ್ಬ ಇಂಜಿನಿಯರನ್ನು ಕರೆಸಿದರು. ಇಂಜಿನಿಯರ್ ಕೈಯಲ್ಲೊಂದು ಪುಟ್ಟ ಯಂತ್ರವಿತ್ತು. ಅದರ ಎರಡು ಮುಳ್ಳುಗಳನ್ನು ಗೋಡೆಗೆ ಚುಚ್ಚಿದರೆ ತೇವವಿರುವ ಕಡೆ ಕಿರುಚುತ್ತದೆ. ಉಪ್ಪು ಮೆತ್ತಿದ ಗೋಡೆಯಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುತ್ತದೆ, ಆ ಯಂತ್ರ ಮೋಸಹೋಗುತ್ತದೆ ಎಂದು ಆ ಕೋಣೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಯಂತ್ರ ಮುಟ್ಟಿದಲ್ಲೆಲ್ಲ ಕಿರುಚಿತು. ನಾನು ಕಿಟಕಿಯಾಚೆ ನೋಡುತ್ತ ನಿಂತೆ.

“ಕಟ್ಟಡ ಪೂರ್ತಿ ತೇವ ಕುಡಿದಿದೆ,” ಎಂದರು ಇಂಜಿನಿಯರ್. “ಯಾವತ್ತು ಕೂರುತ್ತೋ ಹೇಳೋಕಾಗಲ್ಲ. ಎಲ್ಲರನ್ನೂ ಖಾಲಿ ಮಾಡಿಸಿ.”

ಓನರಮ್ಮ ನಮ್ಮ ಮೆಟ್ಟಿಲ ಮೇಲೆ ಕುಸಿದು ಕೂತರು. ಅಲ್ಲಿಯವರೆಗೆ ಅವರು ಕೂತಿದ್ದನ್ನೇ ನಾನು ನೋಡಿರಲಿಲ್ಲ. ಗಾರ್ಡ್ ಸಾಹೇಬರು ಅವರಿಗೆ ನೀರು ತಂದುಕೊಟ್ಟು, ನನ್ನ ಕಡೆ ತಿರುಗಿ, “ಈ ವಯಸ್ಸಲ್ಲಿ ಎಲ್ಲಿ ಹುಡುಕೋದು ಮೇಷ್ಟ್ರೇ? ತುತ್ತೂರಿ ಊದೋನಿಗೆ ಯಾರು ಮನೆ ಕೊಡ್ತಾರೆ? ನಿಮ್ಮಂಥ ಸಂಗೀತ ಬಲ್ಲ ನೆರೆಹೊರೆ ಎಲ್ಲ ಕಡೆ ಸಿಗುತ್ತಾ?” ಎಂದರು.

ಮಾಟ ಫಲಿಸಿತ್ತು. ಗಾರ್ಡ್ ಸಾಹೇಬರು ಮನೆ ಬಿಡುತ್ತಿದ್ದರು. ಜತೆಗೆ ನಾವೂ ಬಿಡುತ್ತಿದ್ದೆವು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಮಾರನೆಯ ಸಂಜೆ ಹೆಂಡತಿ ಕೆಲಸದಿಂದ ಬಂದಳು. ಚಪ್ಪಲಿ ಬಿಡಲಿಲ್ಲ, ಚೀಲ ಇಳಿಸಲಿಲ್ಲ. ನೇರವಾಗಿ ನನ್ನ ಮುಂದೆ ನಿಂತಳು. ಅವಳ ಕಡುನೀಲಿ ಯೂನಿಫಾರ್ಮ್ ಕೋಟಿನ ಮೇಲೆ ಎದೆಯಿಂದ ಅಂಚಿನವರೆಗೆ ಬೆಳ್ಳನೆಯ ಭೂಪಟವಿತ್ತು. ಖಂಡಗಳು, ದ್ವೀಪಗಳು, ಒಂದು ಉದ್ದನೆಯ ಕರಾವಳಿ.

“ಬೆಳಗ್ಗೆ ಇಸ್ತ್ರಿ ಮಾಡ್ಕೊಂಡು ಹೋದ ಕೋಟು,” ಎಂದಳು. “ಕೌಂಟರಲ್ಲಿ ಕೂತಿದ್ದಾಗ ಒಂದೊಂದಾಗಿ ಎದ್ದು ಬಂತು. ಸ್ಟಾಂಪು ತಗೊಳ್ಳೋಕೆ ಬಂದ ನಮ್ಮ ಬೀದಿ ಅಜ್ಜಿ ಒಬ್ರು, ‘ನಿನಗೂ ಸೋರ್ತಿದೆಯೇನಮ್ಮಾ’ ಅಂತ ಕೇಳಿದ್ರು.”

ಪ್ರತಿ ಸಲ ತೊಳೆದಿಡುತ್ತಿದ್ದ ಬಾಟಲಿಯನ್ನು ಈ ಸಲ ತೊಳೆಯಲು ಮರೆತಿದ್ದೆ. ಅದರ ಕಡೆ ನೋಡಬಾರದೆಂದು ನಿರ್ಧರಿಸಿದೆ. ಕಣ್ಣು ನೇರವಾಗಿ ಅಲ್ಲಿಗೇ ಹೋಯಿತು.

ಅವಳು ಬಾಟಲಿಯನ್ನೆತ್ತಿಕೊಂಡು ಅಂಗೈಗೆ ಒಂದು ಹನಿ ಚಿಮುಕಿಸಿ ನಾಲಗೆಗೆ ಹಚ್ಚಿಕೊಂಡಳು. ಆಮೇಲೆ ಸ್ಟೂಲನ್ನೆಳೆದು, ಹತ್ತಿ, ಚಾವಣಿಯ ಮೀಸೆಗೆ ಬೆರಳಾಡಿಸಿ ಅದನ್ನೂ ನಾಲಗೆಗೆ ಹಚ್ಚಿಕೊಂಡಳು. ಮೇಲಿನಿಂದಲೇ ನನ್ನನ್ನು ನೋಡಿದಳು. ಇಂಜಿನಿಯರರ ಯಂತ್ರ ಕಿರುಚಿದ್ದೇ ಎಷ್ಟೋ ವಾಸಿ.

“ಅದಕ್ಕೇ ವಾರಕ್ಕೊಂದು ಪ್ಯಾಕೆಟ್ ಖಾಲಿ ಆಗ್ತಿತ್ತು.”

“ಅದೊಂದು ಪ್ರಯೋಗ...”

“ಏನು ಪ್ರಯೋಗ?”

ಹೇಳಿದೆ. ಬೆನ್ನಿಗೆ ಎಸೆದದ್ದು, ಎಡದಿಂದ ಸುತ್ತಿದ್ದು, ಜಪಿಸಿದ್ದು ಎಲ್ಲವನ್ನೂ. ಅವಳು ನಗುತ್ತಾಳೇನೋ ಎಂದು ಕಾದೆ. ನಗಲಿಲ್ಲ.

“ಮೇಲೆ ಓನರಮ್ಮ ಬಂದಿದ್ದಾರೆ. ದೊಡ್ಡಪ್ಪ ಸಾಮಾನು ಕಟ್ತಿದ್ದಾರೆ. ಬನ್ನಿ.”

“ನಾಳೆ ಹೇಳ್ತೀನಿ ಕಣೇ. ಇವತ್ತು ಅವರ ಮನಸ್ಸು...”

“ರೀ. ಬನ್ನಿ.”

ಆ ಮೆಟ್ಟಿಲುಗಳು ಇಷ್ಟು ಕಡಿಮೆ ಇವೆಯೆಂದು ನನಗೆ ಗೊತ್ತೇ ಇರಲಿಲ್ಲ. ಮೇಲೆ ಒಡೆದ ಟೈಲ್ಸಿನ ರಾಶಿಯ ಪಕ್ಕದಲ್ಲಿ ಓನರಮ್ಮ ನಿಂತಿದ್ದರು. ಗಾರ್ಡ್ ಸಾಹೇಬರು ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು. ನಾನು ಶುರುಮಾಡಿದೆ. ಸೋಡಿಯಂ, ಕ್ಲೋರೈಡು, ದ್ರಾವಣ, ಆವೀಕರಣ, ಹರಳುಗಟ್ಟುವಿಕೆ. ಬಹಳ ವಿದ್ವತ್ಪೂರ್ಣವಾಗಿ ಹೇಳುತ್ತಿದ್ದೆ ಅನ್ನಿಸುತ್ತದೆ, ಯಾಕೆಂದರೆ ಇಬ್ಬರಿಗೂ ಏನೂ ಅರ್ಥವಾಗಲಿಲ್ಲ.

“ಮೇಷ್ಟ್ರು ಏನು ಹೇಳ್ತಿದ್ದಾರೆ?” ಎಂದು ಓನರಮ್ಮ ನನ್ನ ಹೆಂಡತಿಯನ್ನು ಕೇಳಿದರು.

“ಕಟ್ಟಡಕ್ಕೆ ಏನೂ ಆಗಿಲ್ಲ ಅಂತಿದ್ದಾರೆ. ಅದು ಅಡುಗೆ ಉಪ್ಪು. ಇವರೇ ಚಿಮುಕಿಸಿದ್ದು.”

ಓನರಮ್ಮ ಗೋಡೆಯನ್ನೊಮ್ಮೆ ಸವರಿದರು. ಮೊದಲು ಕಣ್ಣಲ್ಲಿ ನೀರು ಬಂತು, ಮಗಳು ಗಟ್ಟಿಯಾಗಿದ್ದಾಳೆಂಬ ನೀರು. ಅದು ಆರಿದ ಮೇಲೆ ಉಳಿದದ್ದು ನನ್ನ ಪಾಲಿಗೆ ಬಂತು. ಮೇಸ್ತ್ರಿ ಬಿಟ್ಟುಹೋಗಿದ್ದ ಕೆರೆಯುವ ತಗಡನ್ನು ನೆಲದಿಂದೆತ್ತಿ ನನ್ನ ಕೈಗಿಟ್ಟರು. “ಒಂದು ಕಣ ಉಳೀಬಾರದು. ಆಮೇಲೆ ಬಣ್ಣ. ಆಮೇಲೆ ಈ ಟೈಲ್ಸ್. ಮೇಸ್ತ್ರಿನ ಕರೆಯೋ ಹಾಗಿಲ್ಲ, ಎಲ್ಲ ನಿಮ್ಮ ಕೈಯಿಂದಲೇ ಆಗ್ಬೇಕು.” ಅಷ್ಟು ಹೇಳಿ ಇಂಜಿನಿಯರಿಗೆ ಫೋನ್ ಮಾಡಲು ಕೆಳಗಿಳಿದರು. ಆ ಇಂಜಿನಿಯರರ ಬಗ್ಗೆ ನನಗೆ ಒಂದು ಕ್ಷಣ ಮರುಕವಾಯಿತು.

ಗಾರ್ಡ್ ಸಾಹೇಬರು ಹಗ್ಗ ಹಿಡಿದೇ ನಿಂತಿದ್ದರು. “ಉಪ್ಪು ಯಾತಕ್ಕೆ ಮೇಷ್ಟ್ರೇ?”

ಹೆಂಡತಿ ನನ್ನನ್ನು ನೋಡಿದಳು. ದ್ರಾವಣ, ಹರಳು ಯಾವುದೂ ನೆರವಿಗೆ ಬರಲಿಲ್ಲ.

“ಸಾಹೇಬರೇ, ನಿಮ್ಮ ತುತ್ತೂರಿ ನನಗೆ ಸಹಿಸೋಕಾಗಲ್ಲ. ಬೆಳಗ್ಗೆ ನಿದ್ದೆ ಇಲ್ಲ. ನಿಮಗೆ ಹೇಳೋಕೆ ಧೈರ್ಯ ಬರಲಿಲ್ಲ.”

ಅವರ ಮುಖ ಒಂದು ಗಳಿಗೆ ಸಪ್ಪಗಾಯಿತು. ತುತ್ತೂರಿಯನ್ನೊಮ್ಮೆ ನೋಡಿದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು, ಅರ್ಧ ಬಿಟ್ಟೂ ಇತ್ತು.

“ಅಷ್ಟೇನಾ?” ಎಂದರು. “ನೀವು ಸ್ಕೂಲಿಗೆ ಹೋದ ಮೇಲೆ ಊದ್ತೀನಿ ಬಿಡಿ. ಇಷ್ಟಕ್ಕೆ ನನ್ನ ಬಾತ್‌ರೂಮ್ ಯಾಕೆ ಅಗೆಸಿದ್ರಿ?”

ತಿಂಗಳುಗಟ್ಟಲೆ ಕಾಡಿದ್ದು ಒಂದು ಚಮಚ ಉಪ್ಪು ಕರಗುವಷ್ಟು ಹೊತ್ತಿನಲ್ಲಿ ಮುಗಿದುಹೋಯಿತು. ನಾನು ಅವರ ಕೈ ಹಿಡಿದುಕೊಂಡೆ. ಪೆಟ್ಟಿಗೆಯ ಹಗ್ಗವನ್ನು ಇಬ್ಬರೂ ಸೇರಿ ಬಿಚ್ಚಿದೆವು. ನಾವು ಕೆಳಗೆ ಹೊರಡುವಾಗ ಅವರು ಸ್ವಲ್ಪ ಹಿಂಜರಿಯುತ್ತ ಕರೆದರು.

“ಮೇಷ್ಟ್ರೇ, ಹೇಗಿದ್ರೂ ಮನಸ್ಸು ಬಿಚ್ಚಿ ಮಾತಾಡಿದ್ದಾಯ್ತು. ನಾನೂ ಒಂದು ಹೇಳ್ಲಾ?”

“ಹೇಳಿ ಹೇಳಿ.”

“ಅಷ್ಟು ನಸುಕಲ್ಲಿ ಏಳೋ ಅಭ್ಯಾಸ ನನಗೂ ಇರಲಿಲ್ಲ. ನಿಮ್ಮ ಗೊರಕೆ ಕಿಟಕಿಯಿಂದ ನೇರ ಮೇಲೆ ಬರುತ್ತೆ. ನಲವತ್ತು ವರ್ಷ ರೈಲಲ್ಲಿ ನಿದ್ದೆ ಮಾಡಿದ್ದೀನಿ, ಇದರಲ್ಲಿ ಮಾತ್ರ ಆಗ್ಲಿಲ್ಲ. ಎಚ್ಚರ ಆದ ಮೇಲೆ ಸುಮ್ನೆ ಕೂತಿರೋದು ಹೇಗೆ, ಅದಕ್ಕೆ ಊದ್ತಿದ್ದೆ.”

ಕೆರೆಯುವ ತಗಡು ಹಿಡಿದುಕೊಂಡು ಮೆಟ್ಟಿಲಿಳಿಯುವಾಗ, ಅರ್ಧದಲ್ಲಿ ನಿಂತು ಹೆಂಡತಿಯನ್ನು ಕೇಳಿದೆ.

“ನಾನು ಗೊರಕೆ ಹೊಡೀತೀನಾ?”

“ಹೊಡೀತೀರಿ.”

“ಯಾವಾಗಿಂದ?”

“ಮದುವೆ ಆದಾಗಿಂದ.”

“ಮತ್ತೆ ಇಷ್ಟು ವರ್ಷ ನನಗೊಂದು ಮಾತು ಹೇಳಬಾರದಿತ್ತಾ?”

ಅವಳು ಕೋಟಿನ ಮೇಲಿನ ಒಂದು ದ್ವೀಪವನ್ನು ಉಗುರಿನಿಂದ ಕೆರೆಯುತ್ತ, ಎರಡು ಮೆಟ್ಟಿಲು ಮುಂದಿಳಿದಳು.

“ಹೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ. ನಿಮ್ಮ ದಿಂಬಿನ ಕವರೊಳಗೆ ಒಂದು ಪುಟ್ಟ ಗಂಟಿದೆಯಲ್ಲ, ಅದು ಉಪ್ಪಿಂದು. ತಿಂಗಳಿಗೊಮ್ಮೆ ಬದಲಾಯಿಸ್ತೀನಿ.”